ಒಂದು ನಲ್ಲಿ ಅಂದ್ರೆ ಒಂದೇನಾ?

ಏಪ್ರಿಲ್ ಶುರುವಾಯಿತು ಅಂದ್ರೆ ದೊಡ್ಡಮ್ಮನ ಫೋನ್ ಬರುತ್ತದೆ. "ಕಂದಾಯ ಕಟ್ಟಬೇಕು ಕಣೋ, ಬಿಡುವು ಮಾಡ್ಕೊಂಡು ಬಾ." ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ ಇದೆಯಲ್ಲ, ಅದನ್ನು ಅವರು ಒಂದು ವರ್ಷವೂ ಬಿಟ್ಟವರಲ್ಲ. ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ ದೊಡ್ಡಪ್ಪ ಕಟ್ಟಿಸಿದ ಮನೆ. ಮುಂದಿನ ಭಾಗದಲ್ಲಿ ದೊಡ್ಡಮ್ಮ ಒಬ್ಬರೇ ಇದ್ದಾರೆ. ಹಿಂದಿನ ಚಿಕ್ಕ ಪೋರ್ಷನ್ ಬಾಡಿಗೆಗೆ ಕೊಟ್ಟಿದ್ದಾರೆ. ದೊಡ್ಡಪ್ಪನ ಫ್ಯಾಮಿಲಿ ಪೆನ್ಷನ್ನು, ಆ ಬಾಡಿಗೆ, ಅಷ್ಟರಲ್ಲೇ ಜೀವನ.

ನಾನು ಹೋಗುವ ಹೊತ್ತಿಗೆ ಬೀರುವಿನಿಂದ ಒಂದು ಹಳೇ ಸೀರೆ ಅಂಗಡಿ ಕವರ್ ಹೊರಗೆ ಬಂದಿರುತ್ತದೆ. ಅದರೊಳಗೆ ಮನೆ ಕಟ್ಟಿದ ವರ್ಷದಿಂದ ಇಲ್ಲಿಯವರೆಗಿನ ಎಲ್ಲಾ ಕಂದಾಯ ರಸೀದಿಗಳು. ಅಡಿಯಲ್ಲಿರುವುವು ಕಾರ್ಬನ್ ಪ್ರತಿಗಳು. ಅಕ್ಷರ ಮಾಸಿ ನೇರಳೆ ಬಣ್ಣದ ಗೆರೆ ಮಾತ್ರ ಉಳಿದಿದೆ. ಮೇಲಿರುವುವು ನಾನೇ ಪ್ರಿಂಟ್ ತೆಗೆಸಿ ಕೊಟ್ಟವು. ಫೋನಿನಲ್ಲಿ ಕಟ್ಟಿದರೂ ಪ್ರಿಂಟ್ ಆಗಬೇಕು, ಅದು ಕವರಿಗೆ ಸೇರಬೇಕು. 2025ರಲ್ಲಿ ಬಿಲ್ಲು ನೋಡಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಸದ ಶುಲ್ಕ ಹೊಸದಾಗಿ ಸೇರಿತ್ತು. ಅದಕ್ಕೂ ಮುಂಚೆ ಒಮ್ಮೆ ಅವರ ರಸ್ತೆಯ ವಲಯ ಬದಲಾಗಿ, ಕಂದಾಯ ಒಂದು ಮೆಟ್ಟಿಲು ಮೇಲೇರಿತ್ತು. ಯಾಕೆ ಅಂತ ಕೇಳಿದರು. ಈ ಏರಿಯಾದಲ್ಲಿ ಜಾಗದ ಬೆಲೆ ಜಾಸ್ತಿ ಆಗಿದೆ ದೊಡ್ಡಮ್ಮ, ಅದಕ್ಕೆ ಅಂದೆ.

"ನಾನು ಈ ಮನೆ ಮಾರೋದಿಲ್ವಲ್ಲೋ. ಮಾರದೇ ಇರೋ ಮನೆಗೆ ಬೆಲೆ ಎಲ್ಲಿಂದ ಬಂತು?"

ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಮೆಟ್ರೋದಲ್ಲಿ ವಾಪಸ್ ಬರುವಾಗಲೂ ಅದೇ ಮಾತು ತಲೆಯಲ್ಲಿ. ಕಂದಾಯ ಯಾರೂ ಕೊಡಬಾರದು ಅನ್ನುವವನಲ್ಲ ನಾನು. ಚರಂಡಿ, ಬೀದಿ ದೀಪ, ಕಸದ ಆಟೋ ಯಾವುದೂ ಸುಮ್ನೆ ಬರುವುದಿಲ್ಲ. ಊರು ನಡೆಯಬೇಕಾದರೆ ಊರಿನವರೇ ಹಾಕಬೇಕು. ಆದರೆ ಯಾರು ಎಷ್ಟು ಹಾಕಬೇಕು, ಯಾವುದನ್ನು ನೋಡಿ ಅಳೆಯಬೇಕು? ತಲೆ ಎಣಿಸುವುದಾ, ಮನೆ ಅಳೆಯುವುದಾ, ಜೇಬು ನೋಡುವುದಾ?

ನಲ್ಲಿ ಕಂದಾಯ

ಈ ಪ್ರಶ್ನೆಯನ್ನು ಮೊದಲ ಸಲ ಕೇಳಿದ್ದು ನಾನು ಚಡ್ಡಿ ಹಾಕುತ್ತಿದ್ದ ವಯಸ್ಸಿನಲ್ಲಿ. ತುಮಕೂರು ಜಿಲ್ಲೆಯ ನಮ್ಮೂರಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆ ಬಂದು ಕೆಲವು ವರ್ಷ ಆಗಿತ್ತು. ಗ್ರಾಮಸಭೆ ಅಂತ ಮಾಡಲೇಬೇಕಾಗಿ ಬಂದು, ನಮ್ಮ ಪಂಚಾಯ್ತಿಯವರೂ ಮಾಡುತ್ತಿದ್ದರು. ಹಿಂದಿನ ದಿನ ತಮಟೆ ಹೊಡೆದು ಸಾರುತ್ತಿದ್ದರು. ಸ್ಕೂಲಿನ ಮುಂದಿನ ಹೊಂಗೆ ಮರದ ಕೆಳಗೆ ಎರಡು ಬೆಂಚು, ಒಂದು ಟೇಬಲ್ಲು. ತಾತನ ಜೊತೆ ನಾನೂ ಹೋಗಿದ್ದೆ. ನೆಲದ ಮೇಲೆ ಕೂತು ಹೊಂಗೆ ಕಾಯಿ ಬಿಡಿಸುತ್ತಿದ್ದೆ.

ಆಗ ನಮ್ಮೂರಿಗೆ ಟ್ಯಾಂಕ್ ಬಂದು ಮನೆ ಮನೆಗೂ ನಲ್ಲಿ ಹಾಕುತ್ತಿದ್ದ ಕಾಲ. ನಲ್ಲಿ ಕಂದಾಯ ಒಂದು ನಲ್ಲಿಗೆ ತಿಂಗಳಿಗೆ 10 ರೂಪಾಯಿ. ಎಲ್ಲರಿಗೂ ಒಂದೇ. ಬಿಲ್ ಕಲೆಕ್ಟರ್ ಎದ್ದು ನಿಂತು ಬಾಕಿ ಇರುವವರ ಪಟ್ಟಿ ಓದಿದರು. ಓದಿದ ಹೆಸರುಗಳೆಲ್ಲ ಊರ ಕೆಳಗಿನ ಕೇರಿಯವೇ. ಓದಿ ಮುಗಿಸಿ, ಎಲ್ಲರಿಗೂ ಒಂದೇ ರೇಟು ಹಾಕಿದ್ದೀವಿ, ಯಾರಿಗೂ ಅನ್ಯಾಯ ಮಾಡಿಲ್ಲ, ಆದರೂ ಕಟ್ಟೋದಿಲ್ಲ ಅಂದ್ರೆ ಹೇಗೆ ಅಂತ ಗದರಿದರು.

ಹಿಂದೆ ನಿಂತಿದ್ದ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಕೂಲಿಗೆ ಹೋಗುತ್ತಿದ್ದವರು. ಕಳೆ ಕೀಳೋಕೆ ನಮ್ಮ ತೋಟಕ್ಕೂ ಬರುತ್ತಿದ್ದರು. "ಒಂದು ನಲ್ಲಿ ಅಂದ್ರೆ ಒಂದೇನಾ ಸ್ವಾಮಿ? ನನ್ನ ನಲ್ಲೀಲಿ ನಾಕು ಕೊಡ ತುಂಬೋ ಹೊತ್ತಿಗೆ ನೀರು ನಿಂತೋಗುತ್ತೆ. ಮೇಲಿನ ಮನೆಯೋರ ನಲ್ಲಿ ತೋಟ ತೋಯಿಸುತ್ತೆ. ಎರಡಕ್ಕೂ ಹತ್ತೇ ರೂಪಾಯಾ?"

ಮೇಲಿನ ಮನೆ ಅಂದ್ರೆ ನಮ್ಮ ಮನೆ. ನಮ್ಮಲ್ಲಿ ಸಂಪು ಇತ್ತು. ನಲ್ಲಿ ಪೈಪಿಗೆ ಮೋಟರ್ ಕೊಟ್ಟು ಎಳೆಯುತ್ತಿದ್ದೆವು. ಹಿತ್ತಲ ಅಡಿಕೆ ಗಿಡಕ್ಕೂ ಅದೇ ನೀರು. ಅಲ್ಲಿದ್ದವರೆಲ್ಲರಿಗೂ ಅದು ಗೊತ್ತು. ಆದರೆ ಯಾರೂ ತಾತನ ಕಡೆ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಹೊಂಗೆ ಕಾಯಿ ಹಾಗೇ ನಿಂತಿತು. ಮುಂದಿನ ಮೀಟಿಂಗಲ್ಲಿ ನೋಡೋಣ ಅಂತ ಅಧ್ಯಕ್ಷರು ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಮನೆಗೆ ಬರುವ ದಾರಿಯಲ್ಲಿ ತಾತ ತುಂಬಾ ಹೊತ್ತು ಮಾತಾಡಲಿಲ್ಲ. ಗೇಟಿನ ಹತ್ತಿರ ನಿಂತು, "ಅವಳು ಹೇಳಿದ್ದರಲ್ಲಿ ತಪ್ಪಿಲ್ಲ ಕಣಪ್ಪಾ" ಅಂದರು. ವರ್ಷದೊಳಗೆ ಪಂಚಾಯ್ತಿಯಲ್ಲಿ ಸಂಪು ಇರುವ ಮನೆಗೆ ಎರಡರಷ್ಟು ಅಂತ ತೀರ್ಮಾನ ಆಯಿತು. ತಾತ ಒಂದು ಮಾತೂ ಆಡದೆ ಕಟ್ಟಿದರು. ಎರಡರಷ್ಟೂ ಕಮ್ಮಿಯೇ. ನಮ್ಮ ಮೋಟರ್ ಎಳೆಯುತ್ತಿದ್ದದ್ದು ಎರಡು ನಲ್ಲಿಯ ನೀರಲ್ಲ.

ಎಲ್ಲರಿಗೂ ಒಂದೇ ರೇಟು ಅನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಹೊಂಗೆ ಮರ ನೆನಪಾಗುತ್ತದೆ. ಒಂದೇ ರೇಟು ಅಂದ್ರೆ ಸಮಾನ ಅಂತ ಕೇಳಿಸುತ್ತದೆ. ಆದರೆ ಕೂಲಿಯವರಿಗೆ ಆ 10 ರೂಪಾಯಿ ಸಂತೆಯ ಒಂದು ಸಾಮಾನು. ನಮಗೆ ಅದು ಲೆಕ್ಕಕ್ಕೇ ಇಲ್ಲ. ಇಂಗ್ಲೆಂಡಿನಲ್ಲಿ ಇದನ್ನೇ ದೇಶದ ಮಟ್ಟದಲ್ಲಿ ಮಾಡಲು ಹೋಗಿದ್ದರು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಮನೆ ತೆರಿಗೆ ತೆಗೆದು, ವಯಸ್ಸಿಗೆ ಬಂದ ಪ್ರತಿಯೊಬ್ಬರ ಮೇಲೂ ತಲೆಗಂದಾಯ ಹಾಕಿತು. 1989ರಲ್ಲಿ ಸ್ಕಾಟ್ಲೆಂಡ್‌ಗೆ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ. ಬಂಗಲೆಯಲ್ಲಿ ಇರುವವರಿಗೂ, ಸಣ್ಣ ಬಾಡಿಗೆ ಮನೆಯಲ್ಲಿ ಇರುವವರಿಗೂ ಒಂದು ಊರಲ್ಲಿ ಒಂದೇ ಮೊತ್ತ. ತೀರಾ ಬಡವರಿಗೆ ಒಂದಷ್ಟು ಬಿಟ್ಟರು, ನಿಜ. ಆದರೂ ಜನ ಒಪ್ಪಲಿಲ್ಲ. 1990ರ ಮಾರ್ಚ್ 31ರಂದು ಲಂಡನ್ ನಡುಮಧ್ಯೆ ದೊಡ್ಡ ಗಲಾಟೆಯೇ ಆಯಿತು. 1993ಕ್ಕೆ ಆ ತೆರಿಗೆ ಹೋಗಿ, ಮನೆ ಬೆಲೆ ನೋಡಿ ಹಾಕುವ ತೆರಿಗೆ ವಾಪಸ್ ಬಂತು. ನಮ್ಮೂರಿನ ಆ ಹೆಂಗಸು ಕೇಳಿದ್ದೂ ಇದನ್ನೇ ಅಲ್ವಾ?

ಸುಂಕದವನ ಮುಂದೆ

ತಾತನಿಗೆ ಇನ್ನೊಂದು ಬಗೆಯ ತೆರಿಗೆ ಗೊತ್ತಿತ್ತು. ಗಾಡಿಯಲ್ಲಿ ತೆಂಗಿನಕಾಯಿ, ಬದನೆಕಾಯಿ ಹೇರಿಕೊಂಡು ಪೇಟೆಗೆ ಹೋಗುವಾಗ ಊರ ಬಾಗಿಲಲ್ಲಿ ಅಡ್ಡ ಮರ. ಆಕ್ಟ್ರಾಯ್. ಗುಮಾಸ್ತ ಮೂಟೆ ಎಣಿಸಿ ಚೀಟಿ ಹರಿಯುತ್ತಿದ್ದ. ಕಾಯಿ ಮಾರಿ ದುಡ್ಡು ಕಾಣುವ ಮುಂಚೆಯೇ ಸುಂಕ ಕಟ್ಟಬೇಕಿತ್ತು. ಬೆಳೆ ಕೈಕೊಟ್ಟಿದೆ, ಮಗಳ ಮದುವೆ ಇದೆ ಅಂತ ಅಲ್ಲಿ ಹೇಳಿ ಏನೂ ಪ್ರಯೋಜನವಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ. ಬೆಂಗಳೂರಿನ ಸುಂಕದಕಟ್ಟೆ, ಮಾಗಡಿ ರಸ್ತೆಯ ಟೋಲ್‌ಗೇಟ್, ಈ ಹೆಸರುಗಳಲ್ಲಿ ಆ ಕಾಲ ಇನ್ನೂ ಉಳಿದಿದೆ.

ಕರ್ನಾಟಕದಲ್ಲಿ 1979ರಲ್ಲೇ ಆಕ್ಟ್ರಾಯ್ ತೆಗೆದರು. ಮುಂಬೈಯಲ್ಲಿ 2017ರಲ್ಲಿ ಜಿಎಸ್‌ಟಿ ಬರುವ ತನಕ ಇತ್ತು. ಹೋಗಿದ್ದು ಒಳ್ಳೆಯದೇ. ತಾತ ಕಟ್ಟಿದ ಸುಂಕ ಕೊನೆಗೆ ಪೇಟೆಯಲ್ಲಿ ಬದನೆಕಾಯಿ ಕೊಳ್ಳುವವರ ತಲೆ ಮೇಲೆಯೇ ಬೀಳುತ್ತಿತ್ತು. ತಿನ್ನುವುದರಲ್ಲಿ ಬಡವರು ಶ್ರೀಮಂತರು ಅಂತ ಅಷ್ಟೇನೂ ವ್ಯತ್ಯಾಸ ಇರುವುದಿಲ್ಲವಲ್ಲ. ಆದರೆ ಅದು ಊರಿನ ಕೈಗೆ ನೇರವಾಗಿ ಬರುತ್ತಿದ್ದ ದುಡ್ಡು. ಅದು ಹೋದ ಮೇಲೆ ಊರುಗಳು ಮೇಲಿನಿಂದ ಬರುವ ಅನುದಾನ ಕಾಯುವುದು ಜಾಸ್ತಿಯಾಯಿತು. ಮೇಲಿಂದ ಬರುವ ದುಡ್ಡಿಗೆ ಷರತ್ತು ಇದ್ದೇ ಇರುತ್ತದೆ. 15ನೇ ಹಣಕಾಸು ಆಯೋಗ ಗ್ರಾಮ ಪಂಚಾಯ್ತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟದ್ದು. ನೀರು ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಒಂದು ಊರಿಗೆ ಮೊದಲು ಬೇಕಾದದ್ದು ಸ್ಮಶಾನದ ದಾರಿ ಆಗಿದ್ದರೆ? ಅದನ್ನು ಊರೇ ತೀರ್ಮಾನ ಮಾಡಬೇಕಾದರೆ ಊರಿನದೇ ದುಡ್ಡು ಇರಬೇಕು.

ಜೇಬು ನೋಡಿದರೆ

ಹಾಗಾದರೆ ದುಡಿಮೆ ನೋಡಿಯೇ ಹಾಕಬಹುದಲ್ಲ, ದೊಡ್ಡಮ್ಮನಂಥವರು ಬಚಾವಾಗುತ್ತಾರೆ ಅಂತ ನನಗೂ ಅನಿಸಿತ್ತು. ಅಂಥದ್ದೊಂದು ತೆರಿಗೆ ಇದೆ, ಸಂಬಳದ ಚೀಟಿಯಲ್ಲಿ ನೀವೂ ನೋಡಿರುತ್ತೀರಿ. ವೃತ್ತಿ ತೆರಿಗೆ. ತಮಿಳುನಾಡು, ಕೇರಳದಲ್ಲಿ ಇದನ್ನು ಸ್ಥಳೀಯ ಸಂಸ್ಥೆಗಳೇ ವಸೂಲು ಮಾಡುತ್ತವೆ. ನಮ್ಮಲ್ಲಿ ಅದು ರಾಜ್ಯಕ್ಕೆ ಹೋಗುತ್ತದೆ. ಎಲ್ಲಿಗೇ ಹೋಗಲಿ, ಅದರ ಲೆಕ್ಕ ನೋಡಿ. ಕರ್ನಾಟಕದಲ್ಲಿ ಸಂಬಳ 25,000 ಮುಟ್ಟಿತು ಅಂದ್ರೆ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ಎರಡೂವರೆ ಲಕ್ಷ ಸಂಬಳ ಇದ್ದರೂ 200 ರೂಪಾಯಿ. ಮೊದಲಿನವರಿಗೆ ಸಂಬಳದ ಶೇ. 0.8, ಎರಡನೆಯವರಿಗೆ ಶೇ. 0.08. ಇದು ಜೇಬು ನೋಡುವ ತೆರಿಗೆ ಅಂತ ಹೆಸರು, ಆದರೆ ಹೊಂಗೆ ಮರದ ಕೆಳಗಿನ ನಲ್ಲಿ ಲೆಕ್ಕವೇ. ಕಾರಣ ಸಂವಿಧಾನದ 276ನೇ ವಿಧಿಯಲ್ಲಿದೆ. ವರ್ಷಕ್ಕೆ ಒಬ್ಬರಿಂದ 2,500 ರೂಪಾಯಿಗಿಂತ ಹೆಚ್ಚು ವಸೂಲು ಮಾಡುವ ಹಾಗಿಲ್ಲ. ಆ ಮಿತಿ ಹಾಕಿದ್ದು 1988ರಲ್ಲಿ. ಅಲ್ಲಿಂದ ಇಲ್ಲಿಗೆ ಸಂಬಳ, ಮನೆ ಬಾಡಿಗೆ, ಅಕ್ಕಿ ಬೆಲೆ ಎಲ್ಲಿಗೆ ಹೋಗಿವೆ ಅಂತ ನಾನು ಹೇಳಬೇಕಾಗಿಲ್ಲ. ಆ ಮಿತಿ ಮಾತ್ರ ಅಲ್ಲೇ ಇದೆ.

ಮಿತಿ ತೆಗೆದರೂ ಇನ್ನೊಂದು ತೊಡಕಿದೆ. ಸಂಬಳದವರ ಜೇಬು ಕಾಣುತ್ತದೆ. ಹತ್ತು ಅಂಗಡಿ ಬಾಡಿಗೆಗೆ ಬಿಟ್ಟು ನಗದಿನಲ್ಲೇ ವ್ಯವಹಾರ ಮಾಡುವವರ ಜೇಬು ಕಾಣುವುದಿಲ್ಲ. ಕಟ್ಟಡವಾದರೆ ರಸ್ತೆಯಲ್ಲೇ ನಿಂತಿರುತ್ತದೆ. ಅದನ್ನು ಬಚ್ಚಿಡಲು ಆಗುವುದಿಲ್ಲ. ಯೋಚನೆ ಮಾಡುತ್ತಾ ಮಾಡುತ್ತಾ ನಾನು ಮನೆ ಕಂದಾಯದ ಕಡೆಗೇ ವಾಲಿದ್ದು ಇದಕ್ಕೇ.

ಮಾರದ ಮನೆಯ ಬೆಲೆ

ಬೆಂಗಳೂರಿನ ಲೆಕ್ಕ ಹೀಗೆ. 2008ರಿಂದ ಊರನ್ನು ಮಾರ್ಗಸೂಚಿ ಬೆಲೆ, ಅಂದ್ರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಬೆಲೆ ನೋಡಿ ಎ ಇಂದ ಎಫ್ ತನಕ 6 ವಲಯ ಮಾಡಿದ್ದಾರೆ. ಚದರಡಿಗೆ ತಿಂಗಳಿಗೆ ಇಷ್ಟು ಅಂತ ದರ. ಅದನ್ನು ಮನೆಯ ಅಳತೆಗೆ, ಆಮೇಲೆ 10 ತಿಂಗಳಿಗೆ ಗುಣಿಸಿ, ಮನೆ ಹಳೆಯದಾದಷ್ಟು ಕಳೆದು, ಉಳಿದದ್ದರ ಶೇ. 20 ತೆರಿಗೆ. ಅದರ ಮೇಲೆ ಸೆಸ್. ನಾವೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ, ಯಾರ ಮುಂದೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಇದು ಸಣ್ಣ ವಿಷಯ ಅಲ್ಲ. ಮೊದಲು ಅಳತೆಗೆ ಬಂದವರು ಬರೆದದ್ದೇ ಲೆಕ್ಕ ಅಂತ ದೊಡ್ಡಪ್ಪ ಹೇಳುತ್ತಿದ್ದರು.

ಆದರೆ 2008ರ ದರಪಟ್ಟಿ ತೆಗೆದು ನೋಡಿ. ಆರ್‌ಸಿಸಿ ಮನೆ, ಮಾಲೀಕರೇ ವಾಸ ಇದ್ದರೆ, ಎ ವಲಯದಲ್ಲಿ ಚದರಡಿಗೆ ತಿಂಗಳಿಗೆ 2 ರೂಪಾಯಿ 50 ಪೈಸೆ. ಎಫ್ ವಲಯದಲ್ಲಿ 1 ರೂಪಾಯಿ. ಅಂತರ ಎರಡೂವರೆ ಪಟ್ಟು. ಊರಿನ ನಟ್ಟನಡುವೆ ಒಂದು ಸೈಟಿಗೂ, ಹೊರಗಿನ ಹಳ್ಳಿ ಪಕ್ಕದ ಸೈಟಿಗೂ ಬೆಲೆಯ ಅಂತರ ಎರಡೂವರೆ ಪಟ್ಟೇನಾ? ಯಾವ ಬ್ರೋಕರ್ ಹತ್ತಿರ ಬೇಕಾದರೂ ಕೇಳಿ. ಅಂದರೆ ಬೆಲೆಗೆ ಹೋಲಿಸಿದರೆ ಸಿರಿವಂತರ ರಸ್ತೆಗಳೇ ಕಮ್ಮಿ ಕೊಡುತ್ತಿವೆ. ಇಂಗ್ಲೆಂಡಿನಲ್ಲೂ ತಲೆಗಂದಾಯದ ಜಾಗದಲ್ಲಿ ಬಂದ ತೆರಿಗೆ ಹೀಗೇ ಇದೆ. ಮನೆ ಬೆಲೆ ನೋಡಿ ಎ ಇಂದ ಎಚ್ ತನಕ ದರ್ಜೆಗಳು, ತೀರಾ ಮೇಲಿನ ದರ್ಜೆಯವರು ತೀರಾ ಕೆಳಗಿನವರ ಮೂರು ಪಟ್ಟು ಮಾತ್ರ ಕೊಡುತ್ತಾರೆ. ಬೆಲೆಯ ಲೆಕ್ಕವೂ 1991ರದ್ದೇ. ಮತ್ತೆ ಅಳೆದರೆ ಓಟು ಹೋಗುತ್ತದೆ ಅನ್ನುವ ಭಯ ಎಲ್ಲ ಕಡೆಯೂ ಇದೆ ಅಂತ ಕಾಣುತ್ತದೆ.

ದೊಡ್ಡಮ್ಮನ ಬಿಲ್ಲಿನಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಒಟ್ಟು 1,200 ಚದರಡಿ. ಮುಂದೆ 900, ಹಿಂದೆ 300. ಬಾಡಿಗೆ ಕೊಟ್ಟ ಜಾಗಕ್ಕೆ ಸ್ವಂತ ವಾಸದ ಎರಡರಷ್ಟು ದರ. ಹೀಗಾಗಿ ಕಾಲು ಭಾಗ ಜಾಗಕ್ಕೆ ಕಂದಾಯದ ಶೇ. 40 ಬೀಳುತ್ತದೆ. ಹಿಂದಿನ ಮನೆಯಲ್ಲಿ ಇರುವುದು ಡೆಲಿವರಿ ಕೆಲಸ ಮಾಡುವ ಹುಡುಗ, ಹೆಂಡತಿ, ಪುಟ್ಟ ಮಗು. ನಾವು ರಸೀದಿ ನೋಡುತ್ತಿದ್ದಾಗ ಆ ಹುಡುಗ ನೀರಿನ ಕ್ಯಾನ್ ಎತ್ತಿಕೊಂಡು ಹೋಗುತ್ತಾ, "ನಮಗೇನು ಆಂಟಿ, ಟ್ಯಾಕ್ಸ್ ಕಟ್ಟೋ ತಲೆನೋವು ನಿಮ್ಮದು" ಅಂತ ನಕ್ಕ. ಅವನೂ ಕಟ್ಟುತ್ತಿದ್ದಾನೆ. ಬಾಡಿಗೆಯೊಳಗೆ ಅದು ಸೇರಿಕೊಂಡಿದೆ, ಕಾಣುವುದಿಲ್ಲ ಅಷ್ಟೇ. ಕಾಣದ ಕಾರಣ ವಾರ್ಡಿನಲ್ಲಿ ಏನಾದರೂ ಕೇಳಬೇಕಾದಾಗ ಅವನು ಹಿಂದೆ ನಿಲ್ಲುತ್ತಾನೆ. ನಾವು ಬಾಡಿಗೆಯವರು ಅಂತ. ನನ್ನನ್ನು ಇದು ಕಂದಾಯದ ಮೊತ್ತಕ್ಕಿಂತ ಜಾಸ್ತಿ ಕಾಡುತ್ತದೆ.

ಕಸದ ಶುಲ್ಕದ ಬಗ್ಗೆ ಬೈದವರೇ ಹೆಚ್ಚು. ನನಗೆ ಅದು ತೀರಾ ಕೆಟ್ಟದ್ದು ಅನಿಸಲಿಲ್ಲ. ನಮ್ಮೂರ ನಲ್ಲಿ ಕಂದಾಯದ ಹಾಗೆ ಎಲ್ಲರಿಗೂ ಒಂದೇ ಅಂತ ಮಾಡಿಲ್ಲ. 600 ಚದರಡಿ ತನಕ ತಿಂಗಳಿಗೆ 10 ರೂಪಾಯಿ, 4,000 ದಾಟಿದರೆ 400. ದೊಡ್ಡಮ್ಮನ ಮನೆ ಬರುವುದು 100 ರೂಪಾಯಿಯ ಸಾಲಿನಲ್ಲಿ. ವರ್ಷಕ್ಕೆ 1,200. ಅವರ ಕಸ ಅಂದ್ರೆ ಒಂದಿಷ್ಟು ತರಕಾರಿ ಸಿಪ್ಪೆ, ದೇವರ ಮನೆಯ ಬಾಡಿದ ಹೂವು. ಚದರಡಿ ನೋಡುವ ಲೆಕ್ಕಕ್ಕೆ ಬಕೆಟ್ ಕಾಣುವುದಿಲ್ಲ. ಆದರೂ 10 ರೂಪಾಯಿಯವರ ಕಡೆಯಿಂದ ನೋಡಿದರೆ ಇದರಲ್ಲಿ ನ್ಯಾಯ ಇದೆ. ನನ್ನ ತಕರಾರು ಬೇರೆ. ಬೆಂಗಳೂರಿನ ಪಾಲಿಕೆಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅದಕ್ಕೆ ಚುನಾವಣೆ ಆಗಿದ್ದು 2015ರಲ್ಲಿ. 2025ರಲ್ಲಿ ಈ ಶುಲ್ಕ ಬಂದಾಗ ನಮ್ಮ ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ನಮ್ಮೂರ ಹೆಂಗಸಿಗೆ ಅಧ್ಯಕ್ಷರ ಎದುರೇ ನಿಂತು ಒಂದು ನಲ್ಲಿ ಅಂದ್ರೆ ಒಂದೇನಾ ಅಂತ ಕೇಳುವುದಕ್ಕೆ ಒಂದು ಹೊಂಗೆ ಮರ ಇತ್ತು. ದೊಡ್ಡಮ್ಮನಿಗೆ ಕೇಳುವುದಕ್ಕೆ ಸಿಕ್ಕಿದ್ದು ನಾನು.

ಇನ್ನು ಅವರ ಮೂಲ ಪ್ರಶ್ನೆ. ಮಾರದ ಮನೆಯ ಬೆಲೆ. ಬೆಲೆ ಏರಿದ್ದು ನಿಜ, ಆದರೆ ಅದು ಗೋಡೆಯೊಳಗೆ ಇದೆ, ಅವರ ಪರ್ಸಿನಲ್ಲಿ ಇಲ್ಲ. ವ್ಯಾಂಕೂವರ್‌ನಲ್ಲಿರುವ ಗೆಳೆಯನೊಬ್ಬ ಅಲ್ಲಿನ ಒಂದು ಪದ್ಧತಿ ಹೇಳಿದ್ದ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 55 ತುಂಬಿದವರು, ಇಲ್ಲವೇ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು, ತಾವು ವಾಸ ಇರುವ ಮನೆಯ ತೆರಿಗೆಯನ್ನು ಮುಂದಕ್ಕೆ ಹಾಕಬಹುದು. ವರ್ಷ ವರ್ಷ ಸರ್ಕಾರ ಊರಿಗೆ ಆ ದುಡ್ಡು ಕೊಡುತ್ತದೆ. ಬಾಕಿ ಮನೆಯ ಮೇಲೆ ಬಡ್ಡಿ ಸಮೇತ ಕೂತಿರುತ್ತದೆ. ಮನೆ ಮಾರಿದಾಗ ಅಥವಾ ಕೈ ಬದಲಾದಾಗ ತೀರಿಸಬೇಕು. ಗೋಡೆಯೊಳಗಿನ ದುಡ್ಡು ಹೊರಗೆ ಬಂದಾಗಲೇ ತೆರಿಗೆ. ಊರಿಗೂ ನಷ್ಟ ಇಲ್ಲ, ಮುದುಕಿಗೂ ಪೆನ್ಷನ್‌ನಿಂದ ಕಿತ್ತು ಕೊಡುವ ಕಷ್ಟ ಇಲ್ಲ. ಇದು ನಮ್ಮಲ್ಲಿ ಯಾಕೆ ಆಗಬಾರದು ಅಂತ ನಾನು ತುಂಬಾ ಉತ್ಸಾಹದಿಂದ ದೊಡ್ಡಮ್ಮನಿಗೆ ವಿವರಿಸಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಸಾಲ ಇಟ್ಟು ಸಾಯೋಕೆ ನನಗೆ ಇಷ್ಟ ಇಲ್ಲಪ್ಪ" ಅಂದರು. ಸ್ವಲ್ಪ ತಡೆದು, "ಬೇಕಾದೋರಿಗೆ ಇರಲಿ. ಎದುರು ಮನೆ ಸರೋಜಮ್ಮನಂಥೋರಿಗೆ ಆಗುತ್ತೆ. ನಾನು ಕಟ್ತೀನಿ" ಅಂದರು. ಅಲ್ಲಿಗೆ ನನ್ನ ಉತ್ಸಾಹ ಒಂದು ಹದಕ್ಕೆ ಬಂತು. ಕೇಳಿದವರಿಗೆ ಸಿಗಬೇಕು, ಬೇಡ ಅಂದವರ ಮೇಲೆ ಹೇರಬಾರದು.

ಫೋನಿನಲ್ಲೇ ಕಟ್ಟಿದ್ದಾಯಿತು. ಪ್ರಿಂಟ್ ತಂದುಕೊಟ್ಟೆ. ಸೆಸ್ ಅಂದ್ರೆ ಏನು ಅಂತ ಕೇಳಿದರು. ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3 ಅಂದೆ. ಗ್ರಂಥಾಲಯ ಅಂದ ಕೂಡಲೇ ಕನ್ನಡಕ ಏರಿಸಿದರು. ದೊಡ್ಡಮ್ಮ ದಿನಾ ಬೆಳಗ್ಗೆ ತಿಂಡಿ ಮುಗಿಸಿ ಮುಂದಿನ ತಿರುವಿನ ಲೈಬ್ರರಿಗೆ ಹೋಗುತ್ತಾರೆ. ಕಿಟಕಿ ಪಕ್ಕದ ಬೆಂಚು, ಮೂರು ಪೇಪರು, ಒಂದು ವಾರಪತ್ರಿಕೆ. "ಹಂಗಾದ್ರೆ ಅದು ನನ್ನ ದುಡ್ಡಾ? ಎಷ್ಟು ಬರುತ್ತೆ, ಲೆಕ್ಕ ಹಾಕು." ತೆರಿಗೆ 3,000. ಶೇ. 6 ಅಂದ್ರೆ 180.

ಪೆನ್ಸಿಲ್ ತೆಗೆದುಕೊಂಡು ರಸೀದಿಯ ಹಿಂದೆ ದುಂಡಗೆ ಬರೆದರು. ಲೈಬ್ರರಿ, 180. ಅದರ ಕೆಳಗೆ ಚರಂಡಿ ಅಂತ ಬರೆದು ನನ್ನ ಮುಖ ನೋಡಿದರು. ಅದು ಹಾಗೆ ಬಿಡಿಬಿಡಿಯಾಗಿ ಇರುವುದಿಲ್ಲ ದೊಡ್ಡಮ್ಮ, ಉಳಿದದ್ದೆಲ್ಲ ಒಟ್ಟಿಗೇ ಹೋಗುತ್ತದೆ ಅಂದೆ. ಅವರು ಪೆನ್ಸಿಲ್ ಕೆಳಗಿಡಲಿಲ್ಲ. ರಸ್ತೆ, ದೀಪ, ಪಾರ್ಕು, ಒಂದರ ಕೆಳಗೆ ಒಂದು ಬರೆದು, ಪ್ರತಿಯೊಂದರ ಮುಂದೆಯೂ ಜಾಗ ಬಿಟ್ಟು, ಮಡಚಿ ಕವರಿಗೆ ಹಾಕಿದರು.